ಉಮಾನಾಥರ ಸೀನು

"ಎಳೀಬೇಡ, ಹರಿದು ಹೋದೀತು!" ಎಂದು ಮಗಳನ್ನು ತಡೆಯುತ್ತ ರತ್ನ ತೀರಿಕೊಂಡ ಅಪ್ಪನ ತೋಳನ್ನು ಖಾಕಿ ಅಂಗಿಯೊಳಗೆ ತೂರಿಸಿದಳು. ಹದಿನೇಳರ ಹರೆಯದಲ್ಲಿ ಊರಕಾವಲು ಪಡೆಗೆಂದು ಹೊಲಿಸಿದ್ದು; ತೊಂಬತ್ತೊಂದರ ಉಮಾನಾಥರ ಹೊಟ್ಟೆಯ ಮೇಲೆ ಗುಂಡಿ ಕೂಡಲೊಲ್ಲದು. ಇದನ್ನೇ ತೊಡಿಸಿ ಕಳಿಸಬೇಕೆಂದು ಅವರ ಆಸೆ.

"ಬ್ಯಾಕ್ ಕಟ್ ಮಾಡು ಲಾ, ಅಮ್ಮ. ಹೂ ವಿಲ್ ಸೀ?" ಎಂದಳು ಮಗಳು ಇಂಚರ, ಮಲೇಷ್ಯಾದ ಧಾಟಿಯಲ್ಲಿ.

ರತ್ನ ಬೆನ್ನಿನ ಬಟ್ಟೆ ಕತ್ತರಿಸಿದಳು. ಅಳುತ್ತಿದ್ದವಳಿಗೆ ನಗು ಬಂತು.

ಅಂಗಳದ ಶಾಮಿಯಾನದಡಿ ಕ್ಲಾಂಗ್ ಪಟ್ಟಣದ ಕನ್ನಡದವರೆಲ್ಲ ಸೇರಿದ್ದರು. "ಅಪ್ಪ ಯುದ್ಧ ಮಾಡಿದವರಾ, ಅಕ್ಕ?" ನೆರೆಮನೆಯ ಗಂಗಾಧರ ಕೇಳಿದ.

"ಎಂತ ಯುದ್ಧ ಮಾರಾಯ! ಕಾಡಲ್ಲಿ ಬಂಡೆದ್ದ ಕಮ್ಯುನಿಸ್ಟರು, ಬೇಲಿ ಹಾಕಿದ ಊರ ಗೇಟಲ್ಲಿ ಕಾವಲಿಗೆ ಇವರು. ಹನ್ನೆರಡು ಜನ ವಾಲಂಟಿಯರ್‌ಗಳು, ಒಂದೇ ಬಂದೂಕು. 'ನಮ್ಮ ಪಡೆಯ ಚರಿತ್ರೆ ಸೀನಿನಲ್ಲೇ ಮುಗೀತು' ಅಂತಿದ್ರು. ಎಂತ ಸೀನೋ, ಹೇಳ್ಲೇ ಇಲ್ಲ."

ಆಗ ಕಾರಿನಿಂದ ಇಬ್ಬರು ಚೀನೀ ಮುದುಕರು ಜಗಳಾಡುತ್ತ ಇಳಿದರು. ಹಿರಿಯವನು ಲಿಮ್ ಸೆಂಗ್, ಅಪ್ಪನ ಪಡೆಯ ಗೆಳೆಯ. ಜೊತೆಗಿದ್ದವನು ಅವನ ತಮ್ಮ ಚೋಂಗ್. ರತ್ನ ಸೀನಿನ ಸಂಗತಿಯನ್ನು ಅವರನ್ನೇ ಕೇಳಿದಳು.

"ಆ ಸೀನು ಇವನಿಗೋಸ್ಕರ," ಸೆಂಗ್ ತಮ್ಮನತ್ತ ಬೆರಳು ಮಾಡಿ ಮಲಯ್ ಭಾಷೆಯಲ್ಲಿ ಹೇಳಿದ.

*

ಸಾವಿರದ ಒಂಬೈನೂರ ಐವತ್ತೊಂದು. ಬೆಳಗ್ಗೆ ರಬ್ಬರ್ ತೋಟಕ್ಕೆ ಹೊರಟವರು ಗೇಟಿನಲ್ಲಿ ಸಾಲುಗಟ್ಟಿದ್ದರು. ಕಾಡಿನ ಕಮ್ಯುನಿಸ್ಟರ ಕೈ ಸೇರೀತೆಂದು ಒಂದು ಹಿಡಿ ಅಕ್ಕಿಯನ್ನೂ ಹೊರಗೆ ಬಿಡುವಂತಿರಲಿಲ್ಲ. ಬಕೆಟ್ ತೂಗುಹಾಕಿದ ಹೆಗಲ ಮೇಲಿನ ಬಿದಿರಿನೊಳಗೆ ಅಕ್ಕಿ ತುಂಬಿದ್ದಾರೆಯೇ ಎಂದು ಬಡಿದು ನೋಡುವುದು ಉಮಾನಾಥನ ಕೆಲಸ. ಪಕ್ಕದಲ್ಲಿ ಬಂದೂಕು ಹಿಡಿದ ಸೆಂಗ್. ಎದುರಿಗೆ ಕುರ್ಚಿಯಲ್ಲಿ ಬ್ರಿಟಿಷ್ ಅಧಿಕಾರಿ.

ಸೆಂಗ್‌ನ ತಾಯಿಯ ಸರದಿ ಬಂತು. ಚೋಂಗ್ ಕಾಡು ಸೇರಿ ಆರು ತಿಂಗಳಾಗಿತ್ತು. ಉಮಾನಾಥ ಬಡಿದ. ಟೊಳ್ಳು ಸದ್ದು ಬರಲಿಲ್ಲ. ಸೆಂಗ್‌ನ ಮುಖ ಬಿಳಿಚಿತು. ಸಿಕ್ಕಿಬಿದ್ದರೆ ತಾಯಿಗೆ ಜೈಲು.

"ಇನ್ನೊಮ್ಮೆ ಬಡಿ," ಎಂದು ಅಧಿಕಾರಿ ಎದ್ದು ಹತ್ತಿರ ಬಂದ.

ಉಮಾನಾಥ ಬಡಿದ. ಬಡಿದ ಗಳಿಗೆಗೇ, ಕೋಳಿಗಳು ಹಾರಿ ಓಡುವಂತೆ ಸೀನಿದ. ಮತ್ತೆ ಬಡಿದ, ಮತ್ತೆ ಸೀನಿದ. ಈ ಸಲ ನೇರ ಅಧಿಕಾರಿಯ ಮುಖಕ್ಕೇ. ಅವನು ಕರವಸ್ತ್ರಕ್ಕೆ ತಡಕಾಡುತ್ತ ಮುದುಕಿಯನ್ನು ಆಚೆಗೆ ದಬ್ಬಿದ.

ಉಮಾನಾಥನಿಗೆ ಒಂದು ವಾರ ಕಕ್ಕಸು ತೊಳೆಯುವ ಶಿಕ್ಷೆಯಾಯಿತು.

*

"ಮುಂದಿನ ವರ್ಷ ಇವನು ಶರಣಾಗಿ ಬಂದ," ಸೆಂಗ್ ಮುಗಿಸಿದ.

"ಆ ಅಕ್ಕೀಲಿ ಹುಳ ಇತ್ತು," ಚೋಂಗ್ ಗೊಣಗಿದ.

ಇಂಚರ ಅದನ್ನು ಕನ್ನಡದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಶಾಮಿಯಾನವೆಲ್ಲ ಗೊಳ್ಳೆಂದಿತು. ರತ್ನ ನಕ್ಕು ನಕ್ಕು, ಕೊನೆಗೆ ಚೋಂಗ್‌ನ ಹೆಗಲಿಗೆ ಮುಖವಿಟ್ಟು ಬಿಕ್ಕಿದಳು.

ಶವದ ವಾಹನ ಹೊರಟಿತು. ಅಣ್ಣತಮ್ಮಂದಿರು ಊರುಗೋಲು ಗೋಡೆಗೊರಗಿಸಿ ನೆಟ್ಟಗೆ ನಿಂತರು. ಸೆಂಗ್ ಅಂಗೈ ತೆರೆದು ಹಣೆಗೇರಿಸಿದ. ಚೋಂಗ್ ಮುಷ್ಟಿ ಕಟ್ಟಿ ಎತ್ತಿದ. ಇಬ್ಬರೂ ವಾಲುತ್ತಿದ್ದರು, ಬೀಳದಂತೆ ಮತ್ತೊಂದು ಕೈಯಿಂದ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು.