ತಬಿತಾ ಚಿಕ್ಕಮ್ಮನ ನಿಜವಾದ ವಯಸ್ಸು

ಶುಕ್ರವಾರ ಬಂತೆಂದರೆ ನಮ್ಮ ಬೀದಿಯ ಹೆಂಗಸರೆಲ್ಲ ಮಂಡಿಯೂರಿ ಹೊಸ್ತಿಲು ತಿಕ್ಕುತ್ತೇವೆ. ಯಾರ ಮನೆ ಹೊಸ್ತಿಲು ಬೆಳ್ಳಗಿಲ್ಲವೋ ಅವರ ಬಗ್ಗೆ ಮಾತಾಡದೆ ಬಿಡುವವರಲ್ಲ. ಹೋದ ವರ್ಷ, ಅಂದರೆ ೧೯೦೮ರ, ಅಕ್ಟೋಬರ್‌ನ ಒಂದು ಶುಕ್ರವಾರ ತಬಿತಾ ಚಿಕ್ಕಮ್ಮನ ಹೊಸ್ತಿಲು ಕೊಳೆಯಾಗಿಯೇ ಇತ್ತು. ಒಳಗೆ ಹೋಗಿ ನೋಡಿದರೆ ಆಕೆ ತಟ್ಟೆ ಬಟ್ಟಲುಗಳನ್ನು ಹಳೇ ಪೇಪರಿನಲ್ಲಿ ಸುತ್ತಿಡುತ್ತಿದ್ದಳು.

ಗಂಡ ಈನಕ್ ತೀರಿಕೊಂಡು ಹತ್ತು ವರ್ಷ. ಬಟ್ಟೆ ಗಿರಣಿಯಲ್ಲಿ ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದ ಚಿಕ್ಕಮ್ಮನ ಕೈಗಳಿಗೆ ಈಗ ತುಂಡಾದ ನೂಲನ್ನು ಗಂಟು ಹಾಕಲೂ ಆಗುವುದಿಲ್ಲ. ಗಿರಣಿಯವರು ಸಾಕು ಅಂದುಬಿಟ್ಟಿದ್ದರು. ಮನೆ ಬಾಡಿಗೆಗೆ ಗತಿಯಿಲ್ಲ. ಕ್ರಿಸ್‌ಮಸ್ ಮುಗಿದ ಮೇಲೆ ಗುಡ್ಡದ ಮೇಲೆ ದಿಕ್ಕಿಲ್ಲದವರನ್ನು ಇಡುವ ಬಡವರ ಮನೆಗೆ ಸೇರಿಕೊಳ್ಳುತ್ತೇನೆ ಎಂದಳು. ಅಲ್ಲಿ ಮೈಮೇಲಿನ ಬಟ್ಟೆ ತೆಗೆಸಿ ಅವರ ಬಟ್ಟೆ ತೊಡಿಸುತ್ತಾರೆ. ಚಹಾ ಕೂಡ ಅವರು ಕೊಟ್ಟಾಗಲೇ ಕುಡಿಯಬೇಕು.

ನಾನು ಸುಮ್ಮನಿರುವ ಪೈಕಿಯಲ್ಲ. ನಮ್ಮ ಸಹಕಾರಿ ಅಂಗಡಿಯ ಮಹಿಳಾ ಸಂಘದಲ್ಲಿ ಆ ವಾರವಷ್ಟೇ ಹೊಸ ಕಾನೂನು ಓದಿಸಿದ್ದೆವು. ಎಪ್ಪತ್ತು ತುಂಬಿದ, ಕೈಯಲ್ಲಿ ಕಾಸಿಲ್ಲದ ಹಿರಿಯರಿಗೆ ಹೊಸ ವರ್ಷದಿಂದ ವಾರಕ್ಕೆ ಐದು ಶಿಲಿಂಗ್ ಪಿಂಚಣಿ. ತಬಿತಾಗೆ ಅರವತ್ತಾರು ಎಂದು ಬೀದಿಗೆಲ್ಲ ಗೊತ್ತಿತ್ತು. ನಾಲ್ಕು ವರ್ಷ ಹೇಗಾದರೂ ತಳ್ಳೋಣ, ಸಂಘದವರು ಜೊತೆಗಿರುತ್ತೇವೆ, ಆ ಗುಡ್ಡ ಮಾತ್ರ ಹತ್ತಬೇಡ ಎಂದೆ.

"ಪಿಂಚಣಿ ಅಂದ್ರೂ ಅದು ಧರ್ಮದ ದುಡ್ಡೇ, ನನಗೆ ಬೇಡ ಸೆಲೀನಾ. ಇಷ್ಟು ವರ್ಷ ಯಾರ ಮುಂದೂ ಕೈ ಚಾಚಿಲ್ಲ."

"ಧರ್ಮ ಯಾರು ಮಾಡ್ತಿದಾರೆ ಚಿಕ್ಕಮ್ಮ? ಹತ್ತು ವರ್ಷಕ್ಕೇ ಗಿರಣಿ ಸೇರಿದೋಳು ನೀನು. ಕುಡಿದ ಚಹಾಕ್ಕೆ, ಹಾಕ್ಕೊಂಡ ಸಕ್ಕರೆಗೆ ತೆರಿಗೆ ಕೊಟ್ಟಿದೀಯ. ಸೈನ್ಯದ ದೊಡ್ಡ ಸಾಹೇಬರು ಪಿಂಚಣಿ ತಗೊಳ್ಳೋವಾಗ ನಾಚ್ಕೋತಾರಾ? ಇದು ಪಾರ್ಲಿಮೆಂಟಿನ ಕಾನೂನು. ದುಡ್ಡು ಅಂಚೆ ಕಚೇರಿಯಲ್ಲಿ ಕೊಡ್ತಾರೆ, ಧರ್ಮದವರ ಬಾಗಿಲಲ್ಲಲ್ಲ."

ಆಕೆ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿ, ತಾನು ಹೊಸ್ತಿಲ ಮೇಲೆ ನಿಂತು, ಕೇಳುವಷ್ಟು ಹತ್ತಿರ ಯಾರೂ ಇಲ್ಲ ಎಂದು ನೋಡಿಕೊಂಡಳು. ಮಗ್ಗದ ಗದ್ದಲದಲ್ಲಿ ಕಿವಿಗೆ ಏನೂ ಕೇಳದೆ ನಾವು ನೇಕಾರರು ತುಟಿ ಆಡಿಸಿಯೇ ಮಾತಾಡುತ್ತೇವಲ್ಲ, ಹಾಗೆ ಸದ್ದೇ ಇಲ್ಲದೆ ಹೇಳಿದಳು: "ನನಗೆ ಎಪ್ಪತ್ತಾಗಿದೆ."

ಎದುರು ಮನೆಯ ಹೊಸ್ತಿಲಲ್ಲಿ ತಿಕ್ಕುವ ಕಲ್ಲು ದೊಪ್ಪನೆ ಬಿತ್ತು. ಎಸ್ತರ್ ದೊಡ್ಡಮ್ಮನೂ ಮೂವತ್ತು ವರ್ಷ ನೇಯ್ದವಳು, ತುಟಿ ಓದಬಲ್ಲವಳು ಎಂಬುದನ್ನು ತಬಿತಾ ಮರೆತೇಬಿಟ್ಟಿದ್ದಳು. ಒದ್ದೆ ಮುಂಗವಚದಲ್ಲೇ ಎಸ್ತರ್ ಬೀದಿ ದಾಟಿ ಬಂದಳು.

"ನಲವತ್ತು ವರ್ಷದಿಂದ ಬೀದಿಯೋರ ಕೈಲೆಲ್ಲ ನನ್ನನ್ನ ದೊಡ್ಡಮ್ಮ ಅನ್ನಿಸಿದೀಯಲ್ಲೇ. ನನಗಿನ್ನೂ ಅರವತ್ತೊಂಬತ್ತು ಕಣೇ."

ತಬಿತಾ ಕೆಂಪಾದಳು. ಮದುವೆಯ ದಿನ ಈನಕ್‌ಗೆ ಇಪ್ಪತ್ತು, ಈಕೆಗೆ ಇಪ್ಪತ್ನಾಲ್ಕು. ಗಂಡನಿಗಿಂತ ದೊಡ್ಡವಳು ಎಂದು ಜನ ನಕ್ಕಾರೆಂದು ತಾನೂ ಇಪ್ಪತ್ತೇ ಎಂದು ಬರೆಸಿದ್ದಳು. ಆ ಸುಳ್ಳು ಹಾಗೇ ಅಂಟಿಕೊಂಡಿತ್ತು. ಎಸ್ತರ್ ಸೊಂಟದ ಮೇಲೆ ಕೈಯಿಟ್ಟು ನೋಡಿದಳು, ನೋಡಿದಳು, ಕೊನೆಗೆ ಬಿದ್ದು ಬಿದ್ದು ನಕ್ಕಳು. ನಮಗೂ ನಗು ತಡೆಯಲಾಗಲಿಲ್ಲ. ಅವತ್ತೇ ಮೂವರೂ ಹೋಗಿ ಅರ್ಜಿ ತಂದೆವು.

ನವೆಂಬರ್‌ನಲ್ಲಿ ಪಿಂಚಣಿ ಅಧಿಕಾರಿ ಮನೆಗೇ ಬಂದರು. ಒಳ್ಳೆಯ ಮನುಷ್ಯ, ಆದರೆ ಕಾಗದ ಕೇಳಿದರು. ಆಗಿನ ಕಾಲದಲ್ಲಿ ಹುಟ್ಟಿದ್ದನ್ನು ಎಲ್ಲರೂ ಬರೆಸುತ್ತಿರಲಿಲ್ಲ. ಇದ್ದದ್ದು ಮದುವೆಯ ಕಾಗದ ಒಂದೇ, ಅದರ ಲೆಕ್ಕದಲ್ಲಿ ಅರವತ್ತಾರೇ ಆಗುತ್ತಿತ್ತು. ಅಧಿಕಾರಿ ಆಗುವುದಿಲ್ಲ ಎಂದು ತಲೆಯಾಡಿಸಿದರು. ತಬಿತಾಳ ಕಣ್ಣು ಆ ಸುತ್ತಿಟ್ಟ ತಟ್ಟೆಗಳ ಕಡೆ ಹೋಯಿತು. ನನಗೆ ಅಳು ಬಂತು.

ಎಸ್ತರ್ ಮಾತ್ರ ಗೋಡೆಯ ಮೇಲಿದ್ದ ಕಸೂತಿ ಬಟ್ಟೆಯನ್ನು ಕೆಳಗಿಳಿಸಿದಳು. ಭಾನುವಾರದ ಶಾಲೆಯಲ್ಲಿ ಹುಡುಗಿಯರು ಹೆಸರು, ವಯಸ್ಸು, ವರ್ಷ ಹೊಲಿಯುತ್ತಿದ್ದ ಬಟ್ಟೆ ಅದು. 'ತಬಿತಾ ಆಶ್‌ವರ್ತ್, ವಯಸ್ಸು ಒಂಬತ್ತು' ಎಂದಿತ್ತು. ವರ್ಷ ಇರಬೇಕಾದ ಜಾಗ ಖಾಲಿ.

"ನುಸಿ ತಿಂತು ಅಂತಿದ್ದಳು ಸ್ವಾಮಿ. ಅದ್ಯಾವ ನುಸಿ ಇಷ್ಟು ನೇರ ಸಾಲಲ್ಲಿ ತಿನ್ನುತ್ತೆ?"

ಕಿಟಕಿಯ ಬೆಳಕಿಗೆ ಹಿಡಿದಳು. ತಬಿತಾ ದಾರ ಬಿಚ್ಚಿದ್ದರೂ ಸೂಜಿಯ ತೂತುಗಳು ಹಾಗೇ ಇದ್ದವು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಓದಿದರು: ೧೮೪೭. ಆಗ ಒಂಬತ್ತಾದರೆ ಈಗ ಎಪ್ಪತ್ತು. ಎಸ್ತರ್ ಸಾಕ್ಷಿ ಹಾಕಿದಳು. ಅರ್ಜಿ ಮಂಜೂರಾಯಿತು.

ಹೊಸ ವರ್ಷದ ಬೆಳಗ್ಗೆ ತಬಿತಾ ಚರ್ಚಿನ ಟೋಪಿ ಇಟ್ಟುಕೊಂಡು ಅಂಚೆ ಕಚೇರಿಗೆ ಹೊರಟಳು, ಹಿಂದೆ ಅರ್ಧ ಬೀದಿ. ದುಡ್ಡು ಕೈಗೆ ಬಂದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು, ಆಕೆ ಅತ್ತಳು. ಬರುವಾಗ ಚಹಾಪುಡಿ ಕೊಂಡು ತಂದಳು. ತಟ್ಟೆಗಳು ಪೇಪರಿನಿಂದ ಹೊರಬಂದವು. ಈಗ ಬೀದಿಯವರು ತಬಿತಾಳನ್ನು ದೊಡ್ಡಮ್ಮ ಎನ್ನುತ್ತಾರೆ, ಎಸ್ತರ್ ದಿನಕ್ಕೆ ಹತ್ತು ಸಲ ಚಿಕ್ಕಮ್ಮ ಎಂದು ಕರೆಸಿಕೊಂಡು ಖುಷಿಪಡುತ್ತಾಳೆ.

ಓದುವ ಅಕ್ಕತಂಗಿಯರೇ, ನಿಮ್ಮ ಬೀದಿಯಲ್ಲೂ ಯಾವುದೋ ಮನೆಯ ಹೊಸ್ತಿಲು ಕೊಳೆಯಾಗಿದ್ದೀತು. ಮಾತಾಡಿಕೊಳ್ಳಬೇಡಿ, ಒಳಗೆ ಹೋಗಿ ನೋಡಿ. ಈ ಪಿಂಚಣಿ ಭಿಕ್ಷೆಯಲ್ಲ, ಬಡವರ ನೆರವು ಪಡೆದಾಗ ಹೋಗುವ ಹಾಗೆ ಇದನ್ನು ತೆಗೆದುಕೊಂಡರೆ ಗಂಡಸರ ಓಟು ಹೋಗುವುದಿಲ್ಲ ಎಂದು ತಿಳಿಸಿ ಹೇಳಿ. ಕಾಗದವಿಲ್ಲವೆಂದು ಕೈಚೆಲ್ಲಬೇಡಿ. ಬೈಬಲ್‌ನ ಮೊದಲ ಹಾಳೆಯಲ್ಲಿ ಹುಟ್ಟಿದ ದಿನ ಬರೆದಿದೆಯೇ ನೋಡಿ, ಗೋಡೆ ನೋಡಿ, ನೆರೆಯವರನ್ನು ಕೇಳಿ, ಅಂಚೆ ಕಚೇರಿಗೆ ಕೈಹಿಡಿದು ಕರೆದುಕೊಂಡು ಹೋಗಿ. ಮತ್ತೆ ಎಪ್ಪತ್ತಾದ ನೀವು, ದಯವಿಟ್ಟು ನಿಮ್ಮ ವಯಸ್ಸನ್ನು ಗಟ್ಟಿಯಾಗಿ ಹೇಳಿ. ನಮ್ಮ ತಬಿತಾ ದೊಡ್ಡಮ್ಮ ಮೊನ್ನೆ ಆ ತೂತುಗಳಲ್ಲೇ ಕೆಂಪು ದಾರ ಹಾಯಿಸಿ, ಗಂಟನ್ನು ಮಾತ್ರ ಎಸ್ತರ್ ಕೈಯಲ್ಲಿ ಹಾಕಿಸಿ, ವರ್ಷವನ್ನು ಮತ್ತೆ ಹೊಲಿದಿದ್ದಾಳೆ.