ಕಷಾಯದ ಹದ

"ಕಳ್ಳಮುಂಡೆ, ಬೇವಿನ ಬೀಜ ಮಾರ್ಕಂಡು ಬರೀ ನೀರು ತಂದಿದ್ದೀಯಲ್ಲೇ," ಎಂದು ಗಂಗಾಧರಸ್ವಾಮಿ ಕಿತ್ತ ಅವರೆ ಎಲೆಯನ್ನು ನನ್ನ ಅತ್ತೆಯ ಮುಖಕ್ಕೆ ಎಸೆದ. ಬೇವಿನ ಕಷಾಯ ಹೊಡೆದ ಮೇಲೂ ಎಲೆಯ ಹಿಂಬದಿಯಲ್ಲಿ ಕೆಂಪು ನುಸಿ ಇನ್ನೂ ಹರಿದಾಡುತ್ತಿತ್ತು.

ಸೋಸಲೆ ಊರಿನ ಕಡೆಯ ಆ ಅವರೆ ಹೊಲ ಅವನದು. ಬೇವಿನ ಬೀಜ ಕುಟ್ಟಿ, ನೆನೆಹಾಕಿ, ಸೋಸಿ ಕಷಾಯ ಮಾಡುವ ಕೆಲಸ ನಮ್ಮದು. ಮೈಸೂರಿನ ಯಾವುದೋ ಅಂಗಡಿಯವರು ವಿಷ ಹೊಡೆಯದ ಕಾಯಿಯೇ ಬೇಕು ಎಂದಿದ್ದರಂತೆ. ಅದಕ್ಕೇ ಬೇವಿನ ಮೇಲೂ ನಮ್ಮ ಮೇಲೂ ಅವನಿಗೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತ್ತು. ಬೇವು ಅಂಗಡಿ ಔಷಧಿಯ ಹಾಗೆ ಕೂಡಲೇ ಕೊಲ್ಲುವುದಿಲ್ಲ, ಎಲೆ ಕಹಿಯಾದರೆ ನುಸಿ ತಿನ್ನುವುದು ಬಿಡುತ್ತದೆ, ಅದರ ಸಂತಾನ ಕಡಿಮೆಯಾಗುತ್ತದೆ, ಸ್ವಲ್ಪ ದಿನ ತಾಳಿ ಎಂದು ಅತ್ತೆ ಮುದ್ದಮ್ಮ ಬೇಡಿಕೊಂಡಳು. ಅವನಿಗೆ ಬೆಳಗಾಗುವುದರೊಳಗೆ ನುಸಿಯ ಹೆಣ ಬೀಳಬೇಕಿತ್ತು.

ಕಳ್ಳಿ ಎನ್ನುವ ಮಾತು ಒಮ್ಮೆ ಹಬ್ಬಿದರೆ ನಮ್ಮನ್ನು ಯಾರೂ ಹೊಲಕ್ಕೆ ಸೇರಿಸುವುದಿಲ್ಲ. ಅತ್ತೆಗೆ ಅದೇ ಹೆದರಿಕೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಕೇರಿಯಲ್ಲಿ ಕಷಾಯದ ಹದ ನೋಡುವುದು ನಾಲಿಗೆಯಿಂದ. ಸೋಸಿದ ಮೇಲೆ ಒಂದು ಹನಿ ನೆಕ್ಕಿ ಉಗಿಯುತ್ತೇವೆ. ಕಹಿ ಗಂಟಲಿಗಿಳಿದು ಕಣ್ಣಲ್ಲಿ ನೀರು ಬಂದರೆ ಹದ ಬಂತು ಎಂದು ಲೆಕ್ಕ. ಅತ್ತೆ ಬಿಂದಿಗೆಯಲ್ಲಿ ಉಳಿದಿದ್ದನ್ನು ಲೋಟಕ್ಕೆ ಬಗ್ಗಿಸಿ ಅವನ ಕಡೆ ಚಾಚಿದಳು.

"ನಾಲ್ಗೆಗಿಕ್ಕಿ ಕಯಿ ನೋಡಿ ಬುದ್ದಿ. ನೀರಾಗಿದ್ರೆ ಕಳ್ಳಿ ಅನ್ನಿ."

ಅವನು ಹಾವು ಕಂಡವನಂತೆ ಹಿಂದೆ ಸರಿದ. "ನಿನ್ ಕೈ ಮುಟ್ಟಿದ್ನ ನಾನು ಬಾಯಿಗಿಕ್ಕಬೇಕೇನೇ? ನೀನೇ ಕುಡಿ. ಒಂದ್ ತೊಟ್ಟು ಬಿಡ್ದಂಗೆ ಕುಡಿ, ನೋಡಾನ."

ಅತ್ತೆ ಕುಡಿದೇಬಿಟ್ಟಳು. ಕುಡಿದು ಸಾಲಿನ ನಡುವೆಯೇ ಕೂತು ವಾಂತಿ ಮಾಡಿಕೊಂಡಳು. ಅವಳ ಬೆನ್ನು ಸವರುತ್ತಾ ನಾನು ತಲೆಯೆತ್ತಿ ನೋಡಿದೆ. ಅವನು ನಗುತ್ತಿದ್ದ. ನಾಟಕ ಆಡುತ್ತಾಳೆ, ಇಂಥ ಹತ್ತು ಕಂಡಿದ್ದೇನೆ ಎಂದ. ನಾವು ಕುಟ್ಟಿದ್ದು, ನಾವು ಕೈಯಾರೆ ಹಿಂಡಿದ್ದು ಅವನ ಹೊಲದ ಒಂದೊಂದು ಕಾಯಿಯ ಮೇಲೂ ಬಿದ್ದಿದೆ. ನಾಳೆ ಅದೇ ಕಾಯಿಯ ಸಾರು ಉಣ್ಣುತ್ತಾನೆ. ಆಗ ಜಾತಿ ಎಲ್ಲಿ ಹೋಗುತ್ತದೋ ದೇವರೇ ಬಲ್ಲ.

ಬದುವಿನ ಮೇಲೆ ಅವನು ಕುಡಿಯುವ ನೀರಿನ ಚೊಂಬಿತ್ತು. ನಾನು ಎದ್ದು ಹೋಗಿ ಅದನ್ನು ಕೈಗೆತ್ತಿಕೊಂಡೆ. ಅವನ ನಗು ನಿಂತಿತು. "ಬ್ಯಾಡ ಕನವ್ವ ರೋಜಾ," ಎಂದಳು ಅತ್ತೆ, ಬಾಯಿ ಒರೆಸಿಕೊಳ್ಳುತ್ತಾ. ಬಿಂದಿಗೆಯ ತಳದಲ್ಲಿದ್ದ ಗಸಿಯನ್ನೆಲ್ಲ ಚೊಂಬಿಗೆ ಸುರಿದು, ಕೈಯದ್ದಿ ಕಲಕಿ, ಅವನ ಎದೆಯ ಮಟ್ಟಕ್ಕೆ ಹಿಡಿದೆ.

"ಚೊಂಬು ನಿಂದು. ನೀರೂ ನಿಂದು. ಈಗ ನೀನೇ ಕಯಿ ನೋಡ್ಲಾ."