ಬಣ್ಣದ ಹೊಗೆ ನುಂಗುವ ಗೂಡು

ನಾನು ಒಂದು ತಗಡಿನ ಗೂಡು. ಟ್ರಂಕಿಗಿಂತ ಸ್ವಲ್ಪ ದೊಡ್ಡದಾದ ಪೆಟ್ಟಿಗೆ ಎಂದುಕೊಳ್ಳಿ. ಮುಂಭಾಗಕ್ಕೆ ಬಾಗಿಲಿಲ್ಲ, ಬೆನ್ನಿಗೆ ಗಾಳಿ ಎಳೆಯುವ ಬ್ಲೋವರ್ ಇದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಬಸ್ಸು, ರೈಲು, ವಿಮಾನಗಳನ್ನು ಮನೆಯಲ್ಲಿ ಮಾಡುವವರು ಅವುಗಳಿಗೆ ಬಣ್ಣ ಸಿಂಪಡಿಸುವಾಗ ನನ್ನೊಳಗೆ ಇಟ್ಟುಕೊಳ್ಳುತ್ತಾರೆ. ಮಾದರಿಗೆ ಅಂಟದೆ ಹಾರುವ ಬಣ್ಣವನ್ನೂ ಥಿನ್ನರಿನ ಘಾಟನ್ನೂ ನಾನು ಒಳಗೆಳೆದು ಕೊಳವೆಯಿಂದ ಹೊರಗೆ ಬಿಡುತ್ತೇನೆ. ನನ್ನ ಕೆಲಸ ಇಷ್ಟೇ.

ನಾನು ಹುಟ್ಟಿದ್ದು ಹಳೇ ಹುಬ್ಬಳ್ಳಿಯಲ್ಲಿ, ದಾವಲಸಾಬರ ತಗಡಿನ ಅಂಗಡಿಯಲ್ಲಿ. ಅವರು ಖಾನಾವಳಿಗಳಿಗೆ ಹೊಗೆಕೊಳವೆ ಮಾಡಿಕೊಡುತ್ತಿದ್ದವರು. ನನ್ನಂಥದನ್ನು ಅವರು ಅದಕ್ಕೆ ಮೊದಲು ಮಾಡಿರಲಿಲ್ಲ. ಮೌನೇಶ ಬಡಿಗೇರ ಎಂಬ ಡ್ರಾಯಿಂಗ್ ಮಾಸ್ತರರು ಅಂಗಡಿಗೆ ಬಂದ ದಿನ ನಾನಿನ್ನೂ ಗೋಡೆಗೆ ಒರಗಿಸಿದ್ದ ಬರೀ ಹಾಳೆ ತಗಡು.

ಮಾಸ್ತರರ ಕಂಕುಳಲ್ಲಿ ಮಡಚುವ ಪ್ಲಾಸ್ಟಿಕ್ ಪೆಟ್ಟಿಗೆಯೊಂದಿತ್ತು. ಅಂಚೆಯಲ್ಲಿ ತರಿಸಿಕೊಂಡದ್ದಂತೆ. ಹಿಂದೆ ಅವರ ಅಕ್ಕ ನೀಲವ್ವ ಬಂದರು. ಅಂಗಡಿಗೆ ಇರುವುದು ಮೂರೇ ಮೆಟ್ಟಿಲು. ಎರಡನೆಯದರಲ್ಲಿ ಅವರು ನಿಂತು ಉಸಿರು ತಿರುಗಿಸಿಕೊಳ್ಳಬೇಕಾಯಿತು.

"ದಾವಲಸಾಬ್ರ, ಇದಕ್ಕೊಂದು ದೊಡ್ಡ ಫ್ಯಾನ್ ಕೂಡಿಸಿ ಕೊಡ್ರಿ," ಎಂದರು ಮಾಸ್ತರರು.

ದಾವಲಸಾಬರು ಪೆಟ್ಟಿಗೆಯ ಸ್ವಿಚ್ಚು ಹಾಕಿದರು. ಸದ್ದೇನೋ ಜೋರಾಗಿಯೇ ಬಂತು. ಅವರು ಒಂದು ಊದುಬತ್ತಿ ಹಚ್ಚಿ ಅದರ ಬಾಯಿಗೆ ಹಿಡಿದರು. ಹೊಗೆ ಅರ್ಧದವರೆಗೆ ಒಳಗೆ ಹೋಗಿ, ಸುಳಿ ತಿರುಗಿ, ಮಾಸ್ತರರ ಮುಖದ ಕಡೆಗೇ ವಾಪಸ್ಸು ಬಂತು.

"ಇದು ಗದ್ಲಾ ಮಾಡೂದು ಅಷ್ಟರೀ. ಎಳಿಯೂದಿಲ್ಲ. ಮತ್ತ ಇದರ ಮೋಟಾರು ಗಾಳಿ ಹೋಗೂ ಹಾದ್ಯಾಗ ಐತಿ. ಥಿನ್ನರಿನ ಹೊಗಿಗೆ ಒಂದು ಕಿಡಿ ತಗಲಿದ್ರ ಮನೀನ ಹೊತ್ತೀತು. ಯಾರು ಆರಿಸಿದ್ರು ಇದನ್ನ?"

"ನಾನ."

"ಏನು ನೋಡಿ?"

ಮಾಸ್ತರರು ತಲೆ ತಗ್ಗಿಸಿದರು. "ಮೇಜಿನ ಮ್ಯಾಲೆ ಹಿಡೀತೈತಿ ಅಂತ. ಮಡಚಿ ಇಡಬಹುದು ಅಂತ."

ಆಮೇಲೆ ಅವರು ನಿಧಾನವಾಗಿ ಎಲ್ಲವನ್ನೂ ಹೇಳಿದರು. ಅವರಿಗೆ ಬಸ್ಸಿನ ಮಾದರಿ ಮಾಡುವ ಹುಚ್ಚು. ಏರ್‌ಬ್ರಷ್ ಅಂದರೆ ಪೆನ್ನಿನಂಥ ಪುಟ್ಟ ಸಾಧನ, ಅದರಿಂದ ಬಣ್ಣ ಮಂಜಿನಂತೆ ಹೊರಬರುತ್ತದೆ. ಎರಡು ವರ್ಷ ಅವರು ನಡುಮನೆಯಲ್ಲೇ, ಕಿಟಕಿ ತೆರೆದಿಟ್ಟು ಸಿಂಪಡಿಸಿದ್ದರು. ಆಮೇಲೆ ಒಂದು ವರ್ಷ ಈ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ. ಅಕ್ಕ ಅದೇ ನಡುಮನೆಯ ಇನ್ನೊಂದು ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಿದ್ದರು. ಅಕ್ಕನಿಗೆ ಕೆಮ್ಮು ಶುರುವಾದಾಗ ಧೂಳಿನದಿರಬೇಕು ಎಂದು ಇಬ್ಬರೂ ಸುಮ್ಮನಾದರು. ಮೊನ್ನೆ ಮಾಸ್ತರರು ದಾರದ ಉಂಡೆ ಹುಡುಕಲು ಹೊಲಿಗೆ ಯಂತ್ರದ ಖಾನೆ ಎಳೆದರೆ ಅಲ್ಲಿ ಒಗೆದು ಮಡಚಿಟ್ಟ ಒಂಬತ್ತು ಕರವಸ್ತ್ರಗಳಿದ್ದವು. ಒಂಬತ್ತರಲ್ಲೂ ಕೆಮ್ಮಿದ ಕಫದೊಂದಿಗೆ ಬಂದು, ಒಗೆದರೂ ಹೋಗದ ಬಣ್ಣದ ಕಲೆ. ಕೆಲವು ಕೆಂಪು, ಕೆಲವು ನೀಲಿ. ತಾನು ಯಾವ ತಿಂಗಳು ಯಾವ ಬಸ್ಸಿಗೆ ಬಣ್ಣ ಹಾಕಿದ್ದೆ ಎಂದು ಅವರು ಆ ಕಲೆಗಳನ್ನು ನೋಡಿಯೇ ಹೇಳಬಹುದಿತ್ತು.

"ಡಾಕ್ಟರು ಕೇಳಿದಾಗೂ ಮನ್ಯಾಗ ಬಣ್ಣಾ ಹೊಡಿಯೂದೇನೂ ಇಲ್ರಿ ಅಂದ್ಲು," ಎಂದರು ಮಾಸ್ತರರು. "ನಾ ಎಲ್ಲಾ ಬಿಟ್ಟಬಿಡ್ತೀನಿ ಅಂದ್ರ ಕೇಳವಲ್ಲಳು."

ನೀಲವ್ವ ಸ್ಟೂಲಿನ ಮೇಲೆ ಕೂತೇ ಹೇಳಿದರು. "ಬಿಟ್ಟು ಗ್ವಾಡಿ ನೋಡಕೋಂತ ಕೂಡ್ತೀ ಏನು? ಎಂಟು ವರ್ಷದ ಕೂಸಿದ್ದಿ ನೀ, ಅಪ್ಪ ಹೋದಾಗ. ಅವತ್ತಿಂದ ನಿನ್ನ ಮಾರಿ ಮ್ಯಾಲೆ ಖುಷಿ ಕಂಡಿದ್ದು ಈ ಬಸ್ಸು ಮಾಡೂ ಮುಂದ ಅಷ್ಟ. ಸರಿಯಾದದ್ದು ಆರಿಸು. ನಾನೂ ನೋಡಿ ಆರಿಸ್ತೀನಿ."

ಹೀಗೆ ನನ್ನನ್ನು ಅಕ್ಕ ತಮ್ಮ ಕೂಡಿಯೇ ಆರಿಸಿದರು. ಆ ಮಧ್ಯಾಹ್ನವಿಡೀ ಮಾತು ನಡೆಯಿತು. ಬಾಯಿ ದೊಡ್ಡದಾದಷ್ಟೂ ಬ್ಲೋವರ್ ಬಲವಾಗಿರಬೇಕು, ಆದ್ದರಿಂದ ದೊಡ್ಡ ಬಸ್ಸು ತಿರುಗಿಸಲು ಎಷ್ಟು ಬೇಕೋ ಅಷ್ಟೇ ಇರಲಿ ಎಂದರು ದಾವಲಸಾಬರು. ಮೋಟಾರು ಗಾಳಿಯ ಹಾದಿಯಿಂದ ಹೊರಗೆ ಕೂರಬೇಕು. ಕೊಳವೆ ಗಿಡ್ಡವಾಗಿ, ನೆಟ್ಟಗೆ ಹೊರಗೆ ಹೋಗಬೇಕು. ತಿರುವು ಹೆಚ್ಚಾದಷ್ಟೂ ಎಳೆತ ಕಡಿಮೆ. ಬಣ್ಣ ಹಿಡಿಯುವ ಹತ್ತಿಯ ಹಾಳೆಯನ್ನು ಸುಲಭವಾಗಿ ಬದಲಿಸುವಂತಿರಬೇಕು. ಎಲ್ಲ ಮುಗಿದ ಮೇಲೆ ನೀಲವ್ವ ಕೇಳಿದ್ದು ಒಂದೇ ಮಾತು. "ಕೊಳವಿ ಯಾರ ಕಿಡಕಿ ಕಡೆ ಹೋಗತೈತಿ? ಬಾಜೂ ಮನ್ಯಾಗ ಬಾಣಂತಿ ಅದಾಳ."

ಕೊಳವೆಯನ್ನು ಹಿತ್ತಲಿನ ಖಾಲಿ ಜಾಗದತ್ತ ಬಿಡುವುದೆಂದಾಯಿತು.

ಹದಿನೈದು ದಿನಗಳ ನಂತರ ನಾನು ಅವರ ಹಿತ್ತಲ ಕೋಣೆಗೆ ಹೋದೆ. ನಡುಮನೆಗೂ ಆ ಕೋಣೆಗೂ ನಡುವೆ ಗಟ್ಟಿ ಬಾಗಿಲಿತ್ತು. ಮಾಸ್ತರರು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ನನ್ನ ಮುಂದೆ ಕೂತರು. ಆದರೆ ಬಣ್ಣ ತುಂಬಲಿಲ್ಲ. ಏರ್‌ಬ್ರಷ್ಷನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಕೂತು, ಎದ್ದು ಹೋದರು. ಹೀಗೆ ಒಂದು ತಿಂಗಳು ಕಳೆಯಿತು.

ಕೊನೆಗೆ ನೀಲವ್ವನೇ ಬಾಗಿಲು ತಳ್ಳಿ ಬಂದರು. ಅವರ ಮುಖಕ್ಕೂ ಮಾಸ್ಕ್ ಇತ್ತು.

"ಎಲ್ಲಾರ ಬಸ್ಸೂ ಮಾಡಿದಿ. ಅಪ್ಪನ ಬಸ್ಸು ಯಾಕ ಮಾಡಲಿಲ್ಲ?"

"ಅದರ ಬಣ್ಣ ನನಗೆಲ್ಲಿ ನೆನಪೈತಿ ಅಕ್ಕಾ? ಒಂದು ಫೋಟೋ ಸೈತ ಇಲ್ಲ."

"ನನಗ ನೆನಪೈತಿ," ಎಂದರು ನೀಲವ್ವ.

ಅವರ ಅಪ್ಪ ಕಾಳಪ್ಪ ಒಬ್ಬ ಧಣಿಯ ಖಾಸಗಿ ಬಸ್ಸಿನ ಡ್ರೈವರ್. ನಲವತ್ತು ವರ್ಷಗಳ ಹಿಂದೆ, ಘಟ್ಟ ಇಳಿಯುವಾಗ ಬಸ್ಸು ಗುಡ್ಡಕ್ಕೆ ಬಡಿದು ಸತ್ತವರು. ಡ್ರೈವರ್ ನಿದ್ದೆ ಹೋಗಿದ್ದ ಎಂದು ತೀರ್ಮಾನವಾಗಿತ್ತು. ಮಾಸ್ತರರಿಗೆ ಗೊತ್ತಿದ್ದದ್ದು ಅಷ್ಟೇ.

ಮೂರು ತಿಂಗಳು ಆ ಬಸ್ಸಿನ ಕೆಲಸ ನಡೆಯಿತು. ಮಾಸ್ತರರು ಹಸಿರನ್ನು ಕಲಸಿ ತುಂಡು ಹಾಳೆಗೆ ಸಿಂಪಡಿಸಿ ತೋರಿಸುವರು. ಅಕ್ಕ ತಲೆ ಅಲ್ಲಾಡಿಸುವರು. "ಇಷ್ಟು ಎಳೀದಲ್ಲ." ಮತ್ತೆ ಕಲಸುವರು. "ಇದು ಪಾಚಿ ಹಂಗಾತು." ಹತ್ತೊಂಬತ್ತನೆಯ ಹಾಳೆಗೆ ನೀಲವ್ವ ತಲೆ ಅಲ್ಲಾಡಿಸಲಿಲ್ಲ. ಅದನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ ನಿಂತರು. ಆಮೇಲೆ, ತಮ್ಮನ ಕಡೆ ತಿರುಗದೆಯೇ, ಯಾರಿಗೂ ಹೇಳಿರದ ಮಾತು ಹೇಳಿದರು.

"ಅಪ್ಪ ರಾತ್ರಿ ಪಾಳಿ ಮುಗಿಸಿ ಮನೀಗೆ ಬರಬೇಕಿತ್ತು. ಬರಲಿಲ್ಲ. ಮುಂಜಾನಿ ಪಾಳೀನೂ ತಾನ ಮಾಡ್ತೀನಿ ಅಂತ ಹೇಳಿ ಕಳಿಸಿದ. ಮರುದಿನ ನನ್ನ ನೋಡಾಕ ಗಂಡಿನವರು ಬರಾವ್ರಿದ್ರು. ಸೂಟಿ ಬೇಕಾಗಿತ್ತು ಅವಗ. ನಾನ ಹಟ ಹಿಡದಿದ್ದೆ, ನೀ ಮನ್ಯಾಗ ಇರಬೇಕು ಅಂತ. ಅವ ನಿದ್ದಿಗೆಟ್ಟಿದ್ದು ನನ್ನ ಸಲುವಾಗಿ."

ಮಾಸ್ತರರ ಕೈ ಸ್ವಿಚ್ಚಿನ ಮೇಲಿತ್ತು, ಆದರೆ ಅವರು ನನ್ನನ್ನು ನಿಲ್ಲಿಸಲಿಲ್ಲ. ಅಕ್ಕ ಯಾಕೆ ಮದುವೆಯಾಗಲಿಲ್ಲ ಎಂದು ಅವರು ಒಮ್ಮೆಯೂ ಕೇಳಿದವರಲ್ಲ. ತನ್ನನ್ನು ಓದಿಸುವುದಕ್ಕೆ ಎಂದು ಅಂದುಕೊಂಡಿದ್ದರು. ಆ ದಿನ ಅವರು ಅಕ್ಕನ ಪಕ್ಕದಲ್ಲಿ ಹೋಗಿ ನಿಂತರು.

ಬಸ್ಸಿನ ಕಿಟಕಿಗಳ ಕೆಳಗೆ ಒಂದು ಪಟ್ಟಿ ಇತ್ತು. ಅದು ಬಿಳಿಯೋ ಹಳದಿಯೋ ನೀಲವ್ವನಿಗೆ ಖಚಿತವಿರಲಿಲ್ಲ. ಆ ಬಸ್ಸಿನ ಕಂಡಕ್ಟರ್ ಆಗಿದ್ದ ಫಕ್ಕೀರಪ್ಪ ಕುಂದಗೋಳದಲ್ಲಿ ಇನ್ನೂ ಬದುಕಿದ್ದಾರೆಂದು ಮಾಸ್ತರರು ವಿಚಾರಿಸಿ ತಿಳಿದು, ಒಂದು ಭಾನುವಾರ ಹೋಗಿ ಕರೆದುಕೊಂಡು ಬಂದರು. ಎಂಬತ್ತರ ಹತ್ತಿರದ ಮುದುಕ. ಕೋಲೂರಿ ನನ್ನ ಮುಂದೆ ನಿಂತು, ನನ್ನೊಳಗಿದ್ದ ಹಸಿರು ಬಸ್ಸನ್ನು ನೋಡಿದರು.

"ಹಳದಿ ಪಟ್ಟಿ," ಎಂದರು. ಆಮೇಲೆ ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು.

"ಕಾಳಪ್ಪ ನಿದ್ದಿ ಹೋಗಿದ್ದಿಲ್ಲ ಯವ್ವಾ."

ನೀಲವ್ವ ಅವರನ್ನೇ ನೋಡಿದರು.

"ಬ್ರೇಕ್ ಹಿಡೀಲಿಲ್ಲ. ವಾರದಿಂದ ಧಣಿಗೆ ಹೇಳಕೋಂತ ಬಂದಿದ್ದ. ಇಳಕಲಿನಾಗ ಪೆಡಲ್ ತುಳದಾ, ತುಳದಾ, ಏನೂ ಇಲ್ಲ. ಎಡಕ್ಕ ಕಂದಕ, ಬಲಕ್ಕ ಗುಡ್ಡ. ನನ್ನ ಕಡೆ ತಿರುಗಿ, ಎಲ್ಲಾರನ್ನೂ ಎಡಕ್ಕ ಸರಸು ಅಂತ ಒದರಿದ. ತಾನು ಕೂತ ಬಾಜೂನ ಗುಡ್ಡಕ್ಕ ಕೊಟ್ಟ. ಮೂವತ್ತನಾಕು ಮಂದಿ ಇದ್ವಿ. ಸತ್ತಿದ್ದು ಅವನೊಬ್ಬನ."

"ಮತ್ತ ಅವತ್ತ್ಯಾಕ ಹೇಳಲಿಲ್ಲ?" ಎಂದು ಕೇಳಿದವರು ಮಾಸ್ತರರು. ಅವರ ದನಿ ಏರಿತ್ತು.

"ಧಣಿ ಬರಕೊಂಡು ತಂದಿದ್ದ. ಡ್ರೈವರ್ ತೂಕಡಿಸಿದ ಅಂತ. ನಾ ಸಹಿ ಮಾಡಿದೆ. ಮನ್ಯಾಗ ಐದು ಮಕ್ಕಳು. ಕೆಲಸಾ ಹೋದ್ರ ಏನು ಮಾಡ್ಲಿ ಅಂತ ಅಂಜಿದೆ. ಧಣಿ ಸತ್ತು ಎಷ್ಟೋ ವರ್ಷ ಆತು. ಅವಾಗಾದ್ರೂ ಬಂದು ಹೇಳಬಹುದಿತ್ತು. ಯಾವ ಮಾರಿ ತಗೊಂಡು ಬರಬೇಕಿತ್ತು?"

ಮಾಸ್ತರರು ಬಾಗಿಲಿಗೆ ಹಣೆ ಹಚ್ಚಿ ನಿಂತರು. ಫಕ್ಕೀರಪ್ಪ ಬೈಗುಳಕ್ಕೆ ಕಾಯುತ್ತಿರುವವರಂತೆ ತಲೆ ಬಾಗಿಸಿದ್ದರು. ನೀಲವ್ವ ಮಾತ್ರ ಒಂದು ಪ್ರಶ್ನೆ ಕೇಳಿದರು.

"ಅವ ದಣದಿದ್ದನೇನ್ರೀ, ಅವತ್ತು?"

"ಇಲ್ಲ ಯವ್ವಾ. ಮುಂಜಾನಿ ಚಾ ಕುಡಿಯೂ ಮುಂದ ನಗಕೋಂತ ಇದ್ದ. ನಾಳೆ ನನ್ನ ಮಗಳನ್ನ ನೋಡಾಕ ಬರ್ತಾರ ಅಂತ ಚಾದಂಗಡಿಯವಗೂ ಹೇಳಿದ."

ನಲವತ್ತು ವರ್ಷ ಹಿಡಿದಿಟ್ಟ ಅಳು ಆಗ ನೀಲವ್ವನಿಗೆ ಬಂತು. ಅಳುವುದಕ್ಕೂ ಅವರ ಎದೆಯಲ್ಲಿ ಉಸಿರು ಸಾಲುತ್ತಿರಲಿಲ್ಲ. ಮಾಸ್ತರರು ಅಕ್ಕನ ಬೆನ್ನು ನೀವುತ್ತ ಕೂತರು. ಫಕ್ಕೀರಪ್ಪನಿಗೆ ಅಂದು ಆ ಮನೆಯಲ್ಲಿ ಊಟವಾಯಿತು. ಬಡಿಸಿದವರು ನೀಲವ್ವನೇ. ಮಾಸ್ತರರು ಅವರೊಂದಿಗೆ ಕೂತು ಉಂಡರೋ ಇಲ್ಲವೋ, ನನಗೆ ಕಾಣಲಿಲ್ಲ. ಬಾಗಿಲು ಮುಚ್ಚಿತ್ತು.

ಹಳದಿ ಪಟ್ಟಿ ಹಾಕುವ ದಿನ ಮಾಸ್ತರರು ಅಕ್ಕನನ್ನು ಕೇಳಿದರು. "ಬಲಗಡೆ ನಜ್ಜುಗುಜ್ಜಾದಂಗ ಮಾಡಲೇನು? ಅವ ಮಾಡಿದ್ದು ನಾಕು ಮಂದಿಗೆ ತಿಳೀಲಿ."

"ಬ್ಯಾಡ. ಅಪ್ಪ ಚಾ ಕುಡದು ಹತ್ತಿದಾಗ ಹೆಂಗಿತ್ತೋ ಹಂಗ ಇರಲಿ."

ನೀಲವ್ವ ಅದಾದ ಮೇಲೆ ಮೂರು ವರ್ಷ ಬದುಕಿದರು. ಕೊನೆಯ ವರ್ಷ ಮೂಗಿಗೆ ಆಮ್ಲಜನಕದ ನಳಿಗೆ ಇತ್ತು. ಆ ವರ್ಷ ಮಾಸ್ತರರು ನನ್ನ ಸ್ವಿಚ್ಚು ಮುಟ್ಟಲಿಲ್ಲ. ಆಕೆ ಹೋದ ಮೇಲೆ ಅವರು ಡಾಕ್ಟರನ್ನು ಕೇಳಿದರಂತೆ, ತಮ್ಮ ಬಣ್ಣದಿಂದಲೇ ಹೀಗಾಯಿತೇ ಎಂದು. ಡಾಕ್ಟರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಲೆಯ ಹೊಗೆ ಇತ್ತು, ಬಟ್ಟೆಯ ನೂಲಿನ ಧೂಳಿತ್ತು, ಬಣ್ಣವೂ ಇತ್ತು, ಬೇರ್ಪಡಿಸಿ ಹೇಳಲಾಗದು ಎಂದರು. ಮಾಸ್ತರರು ಇದನ್ನು ದಾವಲಸಾಬರಿಗೆ ಹೇಳುತ್ತಿದ್ದಾಗ ನಾನು ಕೇಳಿಸಿಕೊಂಡೆ. ಡಾಕ್ಟರಿಂದ ಬೈಸಿಕೊಂಡಿದ್ದರೆ ಅವರಿಗೆ ಹಗುರವಾಗುತ್ತಿತ್ತೋ ಏನೋ.

ವರ್ಷ ಕಳೆದ ಮೇಲೆ ಧಾರವಾಡದಿಂದ ಸಂಪದಾ ಎಂಬ ಯುವತಿ ನನ್ನನ್ನು ಕೊಳ್ಳಲೆಂದು ನೋಡಲು ಬಂದಳು. ಕಾಲೇಜಿನಲ್ಲಿ ಪಾಠ ಹೇಳುವವಳು, ವಿಮಾನದ ಮಾದರಿ ಮಾಡುವ ಹವ್ಯಾಸ. ಬ್ಲೋವರ್ ಎಷ್ಟು ಬಲದ್ದು, ಹತ್ತಿಯ ಹಾಳೆ ಎಲ್ಲಿ ಸಿಗುತ್ತದೆ, ಸದ್ದು ಎಷ್ಟು ಎಂದೆಲ್ಲ ಕೇಳಿ ಬರೆದುಕೊಂಡಳು. ಮಾಸ್ತರರು ಎಲ್ಲಕ್ಕೂ ಉತ್ತರ ಕೊಟ್ಟರು. ಕೊನೆಗೆ ತಾವೊಂದು ಕೇಳಿದರು.

"ಮನ್ಯಾಗ ಮತ್ತ ಯಾರಿರ್ತಾರವ್ವಾ?"

"ಅಜ್ಜಿ ಅದಾರ್ರಿ ಸರ್. ಹಾಸಿಗಿ ಹಿಡದಾರ. ಬಾಜೂ ಕೋಣ್ಯಾಗ ಇರ್ತಾರ. ವಾಸನಿ ಬಂದ್ರ ಹೇಳ್ರಿ ಅಂತ ಅವರಿಗೆ ಹೇಳಿರ್ತೀನಿ."

"ಹಂಗ ಮಾಡಬ್ಯಾಡ," ಎಂದರು ಮಾಸ್ತರರು. "ಅವರನ್ನ ಕೇಳಬ್ಯಾಡ. ಕೇಳಿದ್ರ ಇಲ್ಲ ಅಂತಾರ. ನೀನ ಹೋಗಿ ಅವರ ಬಾಜೂಕ ಕೂತು ನೋಡು."

ನನ್ನನ್ನು ಅವರು ಸುಮ್ಮನೆ ಕೊಟ್ಟರು. ಆಟೋದಲ್ಲಿ ಇಡುವಾಗ ನನ್ನ ಅಂಚನ್ನು ಒಮ್ಮೆ ಒರೆಸಿದರು. ಆಮೇಲೆ ಅವರನ್ನು ನಾನು ನೋಡಿಲ್ಲ.

ಈಗ ನನಗೆ ವಯಸ್ಸಾಗಿದೆ. ತಳ ತುಕ್ಕು ಹಿಡಿದಿದೆ, ಬ್ಲೋವರಿನ ಬೇರಿಂಗ್ ಸವೆದಿದೆ. ಸಂಪದಾಳ ಮನೆಯ ಅಟ್ಟದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದೇನೆ. ಕೆಳಗೆ ಹೊಸ ಗೂಡು ಕೆಲಸ ಮಾಡುತ್ತದೆ. ನನ್ನಲ್ಲಿ ಬಣ್ಣ ಪಡೆದ ಬಸ್ಸುಗಳೂ ವಿಮಾನಗಳೂ ಈಗ ಯಾರ ಯಾರ ಕಪಾಟಿನಲ್ಲಿವೆಯೋ ನನಗೆ ತಿಳಿಯದು. ಅವುಗಳನ್ನು ಕಾಯುವುದು ನನ್ನ ಕೆಲಸವೂ ಆಗಿರಲಿಲ್ಲ.

ನಾನು ಧಾರವಾಡಕ್ಕೆ ಬಂದ ಮೇಲೆ ಸಂಪದಾಳ ಅಜ್ಜಿ ಐದು ವರ್ಷ ಬದುಕಿದ್ದರು. ಆ ಐದು ವರ್ಷವೂ ಸಂಪದಾ ಬಣ್ಣ ಹಾಕುತ್ತ ನಡುವೆ ಎದ್ದು, ಮಾಸ್ಕ್ ತೆಗೆದು, ಬಾಜೂ ಕೋಣೆಗೆ ಹೋಗುತ್ತಿದ್ದಳು. ಮೊದಮೊದಲು ವಾಸನೆ ನೋಡಲೆಂದು ಹೋಗಿ ತಕ್ಷಣ ಬರುತ್ತಿದ್ದಳು. ಬರಬರುತ್ತ ಅಲ್ಲಿಯೇ ಕೂತುಬಿಡುವಳು. ಅಜ್ಜಿ ಏನೋ ಹಳೆಯದನ್ನು ಹೇಳುವುದು, ಇವಳು ನಗುವುದು ನನಗೆ ಕೇಳಿಸುತ್ತಿತ್ತು. ಸ್ವಿಚ್ಚು ಆರಿಸುವುದನ್ನು ಅವಳು ಮರೆತಿರುತ್ತಿದ್ದಳು. ನನ್ನ ಮುಂದೆ ಯಾರೂ ಇರುತ್ತಿರಲಿಲ್ಲ. ನಾನು ಬರೀ ಗಾಳಿಯನ್ನು ಎಳೆಯುತ್ತ, ಹೊರಗೆ ಬಿಡುತ್ತ ನಡೆಯುತ್ತಲೇ ಇರುತ್ತಿದ್ದೆ.